ಟಾಟಾ ಬಸ್ಸು, ವೋಲ್ವೋ ಬಸ್ಸು ಮತ್ತು ನನ್ನ ಕಾರು

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಲ್ಲ. ನಾಲ್ಕು ತಿಂಗಳಿಂದ ನನ್ನ ಸಂಜೆಗಳನ್ನೆಲ್ಲ ತಿಂದು ಹಾಕಿದ್ದು ಎರಡು ಕಾರುಗಳು. ಎರಡೂ ನನ್ನವಲ್ಲ. ಒಂದು ಫ್ರೀಮಾಂಟ್‌ನಲ್ಲಿ ಯಾರದೋ ಗರಾಜಿನಲ್ಲಿತ್ತು, ಇನ್ನೊಂದು ಲಾಸ್ ಗ್ಯಾಟೋಸ್‌ನಲ್ಲಿ. ಒಂದು 2015ರ ಜಾಗ್ವಾರ್ ಎಫ್-ಟೈಪ್ ಎಸ್, ಬಿಳಿ. ಇನ್ನೊಂದು 2013ರ ಪೋರ್ಷೆ 911 ಕರೆರಾ, ಕಡು ಬೂದು. ಎರಡರಲ್ಲಿ ಒಂದನ್ನು ಕೊಂಡು ದಿನಾ ಆಫೀಸಿಗೆ ಓಡಿಸಬೇಕು ಅನ್ನೋದು ನನ್ನ ಹುಚ್ಚು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ, ಇಲ್ಲದಿದ್ರೆ "ಅಮೆರಿಕಾಕ್ಕೆ ಹೋಗಿ ಕೊಬ್ಬು ಜಾಸ್ತಿ ಆಯ್ತು" ಅಂತೀರಿ (ಹೇಳಿದ ಮೇಲೂ ಅನ್ನಬಹುದು, ಬೇಜಾರಿಲ್ಲ). ನಾನು ಓದಿದ್ದು ಮೆಕ್ಯಾನಿಕಲ್, ತಿನ್ನೋ ಅನ್ನ ಜಾವಾದ್ದು. ನಮ್ಮ ಬ್ಯಾಚಿನ ಅರವತ್ತು ಜನರಲ್ಲಿ ಸ್ಪ್ಯಾನರ್ ಹಿಡಿಯೋ ಕೆಲಸದಲ್ಲಿ ಉಳಿದವರು ಹತ್ತು ಜನ ಇದ್ರೆ ಹೆಚ್ಚು. ಐಸಿ ಎಂಜಿನ್ ಲ್ಯಾಬಿನಲ್ಲಿ ಅಡ್ಡಕ್ಕೆ ಕೊಯ್ದು ಇಟ್ಟಿದ್ದ ಒಂದು ನಾಲ್ಕು ಸಿಲಿಂಡರ್ ಎಂಜಿನ್ ಇತ್ತು. ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತಿತ್ತು. ನಾನು ಅದನ್ನ ತಿರುಗಿಸುತ್ತಾ ನಿಂತಷ್ಟು ಹೊತ್ತು ಬೇರೆ ಯಾವ ಲ್ಯಾಬಿನಲ್ಲೂ ನಿಂತಿಲ್ಲ. ಆಮೇಲೆ ಕ್ಯಾಂಪಸ್ಸಿಗೆ ಐಟಿ ಕಂಪನಿ ಬಂತು, ಎಂಜಿನ್ ಅಲ್ಲೇ ಉಳೀತು.

ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದರು. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು. ಮೊದಲು ವರ್ಷಗಟ್ಟಲೆ ಕೆಂಪು ಬಸ್ಸು, ಟಾಟಾ ಇಲ್ಲಾ ಲೇಲ್ಯಾಂಡ್. ಕೊನೆಯ ವರ್ಷಗಳಲ್ಲಿ ಐರಾವತ. ಜೀವಮಾನ ಪೂರ್ತಿ ಚಕ್ರ ತಿರುಗಿಸಿದ ಮನುಷ್ಯನ ಮನೆಯಲ್ಲಿ ಕಾರು ಅಂತ ಬಂದೇ ಇಲ್ಲ. "ಇನ್ನೊಂದು ಸ್ಟೇರಿಂಗ್ ಮನೇಲೂ ಬೇಕಾ?" ಅನ್ನೋರು. ಮನೆ ಸಾಲ ಎರಡು ವರ್ಷದ ಹಿಂದೆ ತೀರಿತು, ಅಕ್ಕನ ಮದುವೆ ಅದಕ್ಕೂ ಮುಂಚೆ ಆಯ್ತು. ನಾನು ಇಲ್ಲಿ ಸನ್ನಿವೇಲ್‌ನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬನೇ. ಹಳೇ ಸೆಡಾನ್ ಒಂದು ಲಕ್ಷ ಎಪ್ಪತ್ತು ಸಾವಿರ ಮೈಲಿ ದಾಟಿ ಸಾಕಾಗಿದೆ ಅಂತಿತ್ತು. ಕೂಡಿಟ್ಟಿದ್ದ ದುಡ್ಡಿತ್ತು. ಇಪ್ಪತ್ತೊಂಬತ್ತು ವಯಸ್ಸು. ಈಗ ತಗೊಳ್ಳದಿದ್ರೆ ಆಮೇಲೆ ತಗೊಳ್ಳೋದು ಮಿನಿವ್ಯಾನೇ ಅಂತ ಗೊತ್ತಿತ್ತು :)

ಈಗ ಕಾರಿಗೆ ಬರ್ತೀನಿ. ಆಸಕ್ತಿ ಇಲ್ಲದವರು ಎರಡು ಪ್ಯಾರಾ ಹಾರಿಸಿ ಓದಬಹುದು, ಕೋಪ ಮಾಡ್ಕೊಳ್ಳಲ್ಲ.

ಜಾಗ್ವಾರ್ ಎಫ್-ಟೈಪ್ 2012ರಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಕಾಣಿಸಿಕೊಂಡಿತು. ಚಿತ್ರ ಬಿಡಿಸಿದ್ದು ಇಯಾನ್ ಕ್ಯಾಲಂ ಅವರ ತಂಡ. 1961ರ ಇ-ಟೈಪ್‌ನ ವಾರಸುದಾರ ಅಂತಲೇ ಆ ಹೆಸರು. ಆ ಹೊತ್ತಿಗೆ ಕಂಪನಿ ಟಾಟಾದವರದು. 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್, ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ 2.3 ಬಿಲಿಯನ್ ಡಾಲರಿಗೆ ಕೊಂಡಿದ್ದರು. ನಾನು ನೋಡಿದ ಕಾರಿನಲ್ಲಿ 3 ಲೀಟರ್ ಸೂಪರ್‌ಚಾರ್ಜ್ಡ್ ವಿ6, 380 ಅಶ್ವಶಕ್ತಿ, ಎಂಟು ಗೇರಿನ ಆಟೋಮ್ಯಾಟಿಕ್. ಈ ಎಂಜಿನ್ನಿನ ಒಂದು ತಮಾಷೆ ನನಗೆ ಬಹಳ ಇಷ್ಟ. ಅದಕ್ಕೆ ಬೇರೆ ಬ್ಲಾಕ್ ಅಚ್ಚು ಹಾಕಿಲ್ಲ, ತಮ್ಮದೇ ವಿ8 ಬ್ಲಾಕಿನ ಉದ್ದದಲ್ಲೇ ಎರಡು ಸಿಲಿಂಡರ್ ಜಾಗ ಖಾಲಿ ಬಿಟ್ಟು ವಿ6 ಮಾಡಿದ್ದಾರೆ. ಎಂಟು ಜನರ ಮನೆಯಲ್ಲಿ ಆರು ಜನ ಇದ್ದ ಹಾಗೆ, ಎರಡು ರೂಮಿಗೆ ಬೀಗ.

ಪೋರ್ಷೆ 911ರ ಕಥೆ ಇನ್ನೂ ಹಳೇದು. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದಾಗ ಹೆಸರು 901. ಮೂರಂಕಿ, ನಡುವೆ ಸೊನ್ನೆ, ಅದು ನಮ್ಮದು ಅಂತ ಪ್ಯೂಜೋದವರು ತಕರಾರು ತೆಗೆದರು. ಸೊನ್ನೆ ಹೋಗಿ ಒಂದು ಬಂತು. ಎಂಜಿನ್ ಇರೋದು ಹಿಂದಿನ ಆಕ್ಸೆಲ್‌ಗಿಂತಲೂ ಹಿಂದೆ. ಮೆಕ್ಯಾನಿಕಲ್ ಓದಿದವನ ಕಣ್ಣಿಗೆ ಇದು ತಪ್ಪು ಜಾಗ. ತೂಕದಲ್ಲಿ ಸುಮಾರು 60 ಪಾಲು ಹಿಂದಿನ ಚಕ್ರಗಳ ಮೇಲೆ. ಅರವತ್ತು ವರ್ಷ ಆ ತಪ್ಪು ಜಾಗವನ್ನು ಬಿಟ್ಟುಕೊಡದೆ ಮಿಕ್ಕಿದ್ದನ್ನೆಲ್ಲ ತಿದ್ದುತ್ತಾ ಬಂದಿದ್ದಾರೆ. 1980ರ ಸುಮಾರಿಗೆ ಇದನ್ನ ನಿಲ್ಲಿಸಿಬಿಡೋಣ ಅಂತ ತೀರ್ಮಾನವೂ ಆಗಿತ್ತಂತೆ. 1981ರಲ್ಲಿ ಬಂದ ಹೊಸ ಮುಖ್ಯಸ್ಥ ಪೀಟರ್ ಷುಟ್ಸ್, ಗೋಡೆಯ ಮೇಲಿದ್ದ ಚಾರ್ಟಿನಲ್ಲಿ 911ರ ಗೆರೆ ಮುಗಿದಿದ್ದ ಕಡೆಯಿಂದ ಮಾರ್ಕರ್ ಹಿಡಿದು ಕಾಗದ ದಾಟಿ ಗೋಡೆ ಮೇಲೂ ಎಳೆದುಬಿಟ್ಟರು ಅನ್ನೋದು ಆ ಕಂಪನಿಯಲ್ಲಿ ಹೇಳಿಕೊಂಡು ಬಂದ ಕಥೆ. ನಾನು ನೋಡಿದ ಪೀಳಿಗೆಗೆ 991 ಅಂತ ಹೆಸರು. 3.4 ಲೀಟರ್, ಮಲಗಿಸಿದ ಆರು ಸಿಲಿಂಡರ್, 350 ಅಶ್ವಶಕ್ತಿ, ಟರ್ಬೋ ಇಲ್ಲ. ಮಾಮೂಲಿ ಕರೆರಾದಲ್ಲಿ ಟರ್ಬೋ ಇಲ್ಲದ ಕೊನೆಯ ಆವೃತ್ತಿ ಇದೇ. ಮುಂದಿನದರಿಂದ 3 ಲೀಟರ್ ಟರ್ಬೋ ಬಂತು, 2024ರಲ್ಲಿ ಜಿಟಿಎಸ್‌ಗೆ ಹೈಬ್ರಿಡ್ಡೂ ಬಂತು.

ಹಾರಿಸಿದವರು ಇಲ್ಲಿಂದ ಸೇರಿಕೊಳ್ಳಿ.

ಬೆಲೆಯಲ್ಲಿ ಎರಡೂ ಅಕ್ಕಪಕ್ಕ ನಿಲ್ಲೋ ಕಾರುಗಳಲ್ಲ. ಜಾಗ್ವಾರ್‌ನವನು ಕೇಳಿದ್ದು 34 ಸಾವಿರ ಡಾಲರ್. ಪೋರ್ಷೆಯವನು 62 ಸಾವಿರ. ಎರಡು ವರ್ಷ ಹಳೇದಾದ ಕಾರಿಗೇ ಹತ್ತಿರ ಹತ್ತಿರ ಎರಡರಷ್ಟು ಬೆಲೆ! ಹೊಸದಾಗಿದ್ದಾಗ ಇವೆರಡರ ನಡುವೆ ಇಷ್ಟು ಅಂತರ ಇರಲಿಲ್ಲ. ಒಂದು ಇಳಿದಿದೆ, ಇನ್ನೊಂದು ಇಳಿಯೋಕೆ ಒಪ್ಪಿಲ್ಲ, ಅಷ್ಟೇ. ಸಾಂಟಾ ಕ್ಲಾರಾ ಕೌಂಟಿಯ ಟ್ಯಾಕ್ಸ್ ಒಂಬತ್ತು ಪರ್ಸೆಂಟ್ ಮೇಲೆ, ಅದು ಬೇರೆ.

ಅಪ್ಪನಿಗೆ ಬೆಲೆ ಮುಚ್ಚಿಡಲಿಲ್ಲ. ವೀಡಿಯೋ ಕಾಲ್‌ನಲ್ಲಿ ಡಾಲರನ್ನ ರೂಪಾಯಿಗೆ ತಿರುಗಿಸಿ ಹೇಳಿದೆ. ಪೋರ್ಷೆ ಐವತ್ತು ಲಕ್ಷ ದಾಟುತ್ತದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನಿಂದ ಅಮ್ಮ, "ಅಷ್ಟು ದುಡ್ಡಿಗೆ ಇಲ್ಲಿ ಸೈಟು ಬರುತ್ತೆ ಕಣೋ" ಅಂದರು. ಬರುತ್ತೆ, ಗೊತ್ತು. ಅಪ್ಪ ಕೊನೆಗೆ ಕೇಳಿದ್ದು ಒಂದೇ. "ಮೈಲೇಜ್ ಎಷ್ಟು ಕೊಡುತ್ತೆ?"

ಹೇಳಿದೆ. ಎರಡೂ ಹೆಚ್ಚುಕಡಿಮೆ ಒಂದೇ, ಊರೊಳಗೆ ಗ್ಯಾಲನ್ನಿಗೆ ಇಪ್ಪತ್ತು ಮೈಲಿ. ಎರಡಕ್ಕೂ 91 ಆಕ್ಟೇನ್ ಪೆಟ್ರೋಲೇ ಬೇಕು.

"ಎಂಜಿನ್ ಎಲ್ಲಿದೆ?"

ಜಾಗ್ವಾರ್‌ಗೆ ಮುಂದೆ, ಪೋರ್ಷೆಗೆ ಹಿಂದೆ ಅಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. "ಅಂದ್ರೆ ಒಂದು ಟಾಟಾ, ಇನ್ನೊಂದು ವೋಲ್ವೋ ಅನ್ನು!"

ಅಲ್ಲಿಂದ ಆಮೇಲೆ ನಮ್ಮ ಮನೆಯಲ್ಲಿ ಎರಡು ಕಾರಿಗೂ ಅದೇ ಹೆಸರು. ಜಾಗ್ವಾರ್ ಹೆಂಗೂ ಟಾಟಾದವರದ್ದೇ, ಆ ಹೆಸರಿಗೆ ಹಕ್ಕಿತ್ತು. ಪೋರ್ಷೆಯವರು ತಮ್ಮ ಕಾರನ್ನ ಬಸ್ಸಿಗೆ ಹೋಲಿಸಿದ್ದನ್ನ ಕೇಳಿದರೆ ಏನಂತಾರೋ ಗೊತ್ತಿಲ್ಲ. ಆದರೆ ಹೋಲಿಕೆ ತಮಾಷೆಗೆ ಮಾಡಿದ್ದಲ್ಲ. ವೋಲ್ವೋ ಬಿ7ಆರ್ ನಮ್ಮ ದೇಶಕ್ಕೆ 2001ರಲ್ಲಿ ಬಂದಾಗ ಅದರ ಎಂಜಿನ್ ಹಿಂದಿತ್ತು. ಅಲ್ಲಿಯವರೆಗೆ ಪಕ್ಕದಲ್ಲಿ ಬಾನೆಟ್ಟು ಕುದಿಯುತ್ತಿದ್ದ ಬಸ್ಸಿನಲ್ಲಿ ಎಡಗಾಲು ಬೇಯಿಸಿಕೊಂಡಿದ್ದ ಡ್ರೈವರುಗಳಿಗೆ, ಎಂಜಿನ್ ಸದ್ದೇ ಕೇಳಿಸದ ಬಸ್ಸು. ಅಪ್ಪ ಟ್ರೈನಿಂಗ್ ಮುಗಿಸಿ ಬಂದ ದಿನ ಹೇಳಿದ್ದು ನನಗಿನ್ನೂ ನೆನಪಿದೆ. "ಬಸ್ಸು ಓಡ್ತಾ ಇದೆಯೋ ಇಲ್ವೋ ಅಂತ ಮೀಟರ್ ನೋಡಿ ತಿಳ್ಕೋಬೇಕು."

ಮೊದಲು ಓಡಿಸಿದ್ದು ಟಾಟಾ. ಕ್ಷಮಿಸಿ, ಜಾಗ್ವಾರ್. ಮಾರುವವನು ಪಕ್ಕದಲ್ಲಿ ಕೂತ. ಸ್ಟಾರ್ಟ್ ಬಟನ್ ಒತ್ತಿದಾಗ ಬಂದ ಸದ್ದಿಗೆ ಎದುರು ಮನೆ ನಾಯಿ ಎದ್ದು ನಿಂತಿತು. ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಸೈಲೆನ್ಸರಿನಿಂದ ದೀಪಾವಳಿ ಲಕ್ಷ್ಮೀ ಪಟಾಕಿ ಸರದ ಹಾಗೆ ಪಟಪಟ ಅನ್ನುತ್ತೆ. ಅದಕ್ಕೇ ಒಂದು ಬಟನ್ ಬೇರೆ ಕೊಟ್ಟಿದ್ದಾರೆ. ಸ್ಟೇರಿಂಗ್ ಹೈಡ್ರಾಲಿಕ್ (2016ರ ಮಾಡೆಲ್‌ನಿಂದ ಎಲೆಕ್ಟ್ರಿಕ್ ಮಾಡಿದರು), ರಸ್ತೆ ಏನು ಹೇಳ್ತಿದೆ ಅಂತ ಅಂಗೈಗೆ ಗೊತ್ತಾಗುತ್ತೆ. 991ರದ್ದು ಎಲೆಕ್ಟ್ರಿಕ್, ಅದು ಬಂದಾಗ ಪೋರ್ಷೆ ಭಕ್ತರು ಬಹಳ ಗಲಾಟೆ ಮಾಡಿದ್ದರು. ಈ ಒಂದು ವಿಷಯದಲ್ಲಿ ಜಾಗ್ವಾರ್‌ಗೇ ನನ್ನ ಮಾರ್ಕು. ಚೆಂದದ ವಿಷಯದಲ್ಲಂತೂ ಕೇಳಲೇಬೇಡಿ. ಹಿಂದಿನಿಂದ ನೋಡಿದರೆ ಆ ಕಾರಿಗೆ ಕೈ ಮುಗಿಯಬೇಕು ಅನ್ನಿಸುತ್ತೆ.

ಸದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಕಳಿಸಿದೆ. ಅಮ್ಮನ ಉತ್ತರ: "ಸೈಲೆನ್ಸರ್ ಕಳಚಿಕೊಂಡಿದೆ ಅನ್ಸುತ್ತೆ, ರಿಪೇರಿ ಮಾಡಿಸಿ ಕೊಡು ಅನ್ನು."

ಪೋರ್ಷೆಯನ್ನ ಎರಡು ವಾರ ಬಿಟ್ಟು ಓಡಿಸಿದೆ. ಪೇಜ್ ಮಿಲ್ ರಸ್ತೆ ಹತ್ತಿ ಸ್ಕೈಲೈನ್‌ವರೆಗೆ ಹೋಗಿ ಬನ್ನಿ ಅಂತ ಮಾರುವವರೇ ಹೇಳಿದರು. ವಯಸ್ಸಾದ ದಂಪತಿ. ಆ ರಸ್ತೆ ಗೊತ್ತಿಲ್ಲದವರಿಗೆ: ಪಾಲೊ ಆಲ್ಟೊದಿಂದ ಬೆಟ್ಟ ಹತ್ತುತ್ತೆ, ಕಿರಿದು, ಒಂದರ ಹಿಂದೆ ಒಂದು ತಿರುವು. ಘಾಟಿ ಅಂತ ಕರೆಯೋಕೆ ಮಳೆ, ಲಾರಿ ಎರಡೂ ಸಾಲದು, ಆದರೆ ತಿರುವಿನ ಲೆಕ್ಕದಲ್ಲಿ ನಮ್ಮ ಚಾರ್ಮಾಡಿಯ ದೂರದ ನೆಂಟ. ಹೋಗುವ ಮುಂಚೆ ಅಪ್ಪನಿಗೆ ಫೋನ್ ಮಾಡಿದ್ದೆ. ಅವರು ಹೇಳಿದ್ದು ಇಷ್ಟು.

"ಹಿಂದೆ ಎಂಜಿನ್ ಇದ್ರೆ ಹತ್ತೋವಾಗ ಚಕ್ರ ಜಾರಲ್ಲ, ಭಾರ ಅಲ್ಲೇ ಕೂತಿರುತ್ತೆ. ಇಳಿಯೋವಾಗ ಬಾಲ ನೆನಪಿಟ್ಕೋ. ಬ್ರೇಕ್ ಏನಿದ್ರೂ ತಿರುವಿಗೆ ಮುಂಚೆ. ತಿರುವಿನೊಳಗೆ ಹೋದ್ಮೇಲೆ ಕಾಲು ಅಲ್ಲಾಡಿಸ್ಬೇಡ. ಹೆದರಿ ಕಾಲೆತ್ತಿದ್ಯೋ, ಹಿಂದಿಂದು ಮುಂದೆ ಬರುತ್ತೆ."

911 ಬಗ್ಗೆ ಇಂಗ್ಲಿಷಿನಲ್ಲಿ ನಾನು ಓದಿದ ನೂರಾರು ಪುಟಗಳ ಸಾರಾಂಶ ಇದೇ. ಇಲ್ಲಿಯವರು ಲಿಫ್ಟ್-ಆಫ್ ಓವರ್‌ಸ್ಟಿಯರ್ ಅಂತಾರೆ. ಕಾಲೆತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತೆ, ಹಿಂದಿನ ಟೈರು ಹಗುರಾಗುತ್ತೆ, ಅಲ್ಲಿ ಜೋತುಬಿದ್ದಿರೋ ಎಂಜಿನ್ ಗಡಿಯಾರದ ಲೋಲಕದ ಹಾಗೆ ಹೊರಗೆ ಬೀಸುತ್ತೆ. ಈಗಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ಸ್ ಇದನ್ನ ಬಹುಪಾಲು ಹಿಡಿದು ನಿಲ್ಲಿಸುತ್ತೆ, ಟೈರಿನ ಅಗಲವೂ ಹೆಚ್ಚಿದೆ. ಆದರೂ ಅಪ್ಪ ಹೇಳಿದ ಹಾಗೇ ಓಡಿಸಿದೆ. ತಿರುವಿನ ಮುಂಚೆ ಬ್ರೇಕ್, ಒಳಗೆ ಕಾಲು ಸ್ಥಿರ, ಹೊರಗೆ ಬರುವಾಗ ಮೆಲ್ಲಗೆ ಒತ್ತು. ಹಿಂದಿನಿಂದ ಯಾರೋ ಎರಡು ಕೈಯಿಟ್ಟು ತಳ್ಳಿದ ಹಾಗೆ ಕಾರು ಎದ್ದು ಹೋಗುತ್ತೆ. ಸದ್ದು ಕಡಿಮೆ. ಏಳು ಸಾವಿರ ಆರ್‌ಪಿಎಂ ತನಕ ಒಂದೇ ಉಸಿರಿನಲ್ಲಿ ಏರುತ್ತೆ. ಕೆಳಗಿಳಿದು ಊರೊಳಗೆ ಬಂದ ಮೇಲೆ ಅದೇ ಕಾರು ಪೋಸ್ಟ್‌ಮ್ಯಾನ್ ಗಾಡಿಯ ಹಾಗೆ ಸಾಧು.

ಗೇರಿನ ವಿಷಯಕ್ಕೂ ಅಪ್ಪನೇ ತೀರ್ಪು ಕೊಟ್ಟರು. ಈ ಕಾರಿನಲ್ಲಿದ್ದದ್ದು ಪಿಡಿಕೆ, ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಅದರ ಪೂರ್ತಿ ಜರ್ಮನ್ ಹೆಸರು ನಮ್ಮ ಸಂಸ್ಕೃತ ಮೇಷ್ಟ್ರು ಬಿಡಿಸುತ್ತಿದ್ದ ಸಮಾಸಪದದಷ್ಟು ಉದ್ದ. 991ರಲ್ಲಿ ಏಳು ಗೇರಿನ ಮ್ಯಾನ್ಯುಯಲ್ಲೂ ಸಿಗುತ್ತೆ, ನಿಜವಾದ ಪ್ರೇಮಿ ಅದನ್ನೇ ಹುಡುಕಬೇಕು ಅಂತ ಎಲ್ಲರೂ ಬರೀತಾರೆ. ನಾನೂ ಹುಡುಕೋಣ ಅಂತಿದ್ದೆ. ಅಪ್ಪ ಅಂದ್ರು, "ಕ್ಲಚ್ ತುಳಿದೂ ತುಳಿದೂ ನನ್ನ ಎಡಗಾಲ ಮಂಡಿ ಹೋಯ್ತು. ನನಗೆ ಅದಕ್ಕೆ ಸಂಬಳ ಕೊಡ್ತಿದ್ರು. ನೀನು ದುಡ್ಡು ಕೊಟ್ಟು ತುಳೀತೀಯಾ?" ಸಂಜೆ ಐದೂವರೆಗೆ 101 ಫ್ರೀವೇಯಲ್ಲಿ ಒಮ್ಮೆ ನಿಂತವರಿಗೆ ಇದಕ್ಕಿಂತ ಹೆಚ್ಚಿನ ವಾದ ಬೇಕಾಗಲ್ಲ.

ದಿನಾ ಓಡಿಸೋದು ಅಂದ ಮೇಲೆ ಬೆಟ್ಟದ ರಸ್ತೆಗಿಂತ ಬೇರೆ ವಿಷಯಗಳೇ ಜಾಸ್ತಿ. ಎಫ್-ಟೈಪ್ ಅಗಲ 1923 ಮಿಲಿಮೀಟರ್, 911 ಅಗಲ 1808. ನಾಲ್ಕೂವರೆ ಇಂಚು ವ್ಯತ್ಯಾಸ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದ ಒಂದು ಪಕ್ಕ ಕಂಬ, ಇನ್ನೊಂದು ಪಕ್ಕ ಎತ್ತರದ ಎಸ್‌ಯುವಿ, ಅದರಲ್ಲಿ ಮೂರು ಮಕ್ಕಳು ಬಾಗಿಲು ಒದ್ದು ಇಳೀತಾರೆ. ಆ ನಾಲ್ಕೂವರೆ ಇಂಚೇ ನನಗೆ ಜೀವ. ತೂಕದಲ್ಲೂ ಹಾಗೇ. ಮೈಯೆಲ್ಲ ಅಲ್ಯೂಮಿನಿಯಂ ಆದರೂ ಎಫ್-ಟೈಪ್ ಹತ್ತಿರ ಹತ್ತಿರ 1600 ಕೆಜಿ, 911 ಸುಮಾರು 1400. ಜಾಗ್ವಾರ್‌ನ ಹಿಂದಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟು, 911ರಲ್ಲಿ ಸುತ್ತಲೂ ಕಾಣಿಸುತ್ತೆ. ಎರಡರಲ್ಲೂ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಅದಲು ಬದಲು ಮಾಡೋ ಹಾಗಿಲ್ಲ.

ಅಕ್ಕಿ ಪರೀಕ್ಷೆಯನ್ನೂ ಮಾಡಿದೆ. ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಿಂದ 20 ಪೌಂಡಿನ ಸೋನಾ ಮಸೂರಿ ಚೀಲ ತಂದು ಎರಡೂ ಕಾರಿನಲ್ಲಿ ಇಟ್ಟು ನೋಡಿದೆ. ಜಾಗ್ವಾರ್ ಕೂಪೆಯ ಡಿಕ್ಕಿಯಲ್ಲಿ ಆರಾಮಾಗಿ ಮಲಗಿತು. ಪೋರ್ಷೆಯಲ್ಲಿ ಡಿಕ್ಕಿ ಮುಂದಿದೆ, ಆಳವಾದ ತೊಟ್ಟಿಯ ಹಾಗೆ. ಅಲ್ಲಿ ಅಕ್ಕಿ ನಿಂತುಕೊಂಡಿತು. ಆ ದಂಪತಿ ನಗುತ್ತಾ ನೋಡುತ್ತಿದ್ದರು. ಅವರಾಕೆ ಆಮೇಲೆ ಒಂದು ಪಾವು ಅಕ್ಕಿಯಷ್ಟು ಹೊತ್ತು ಸೋನಾ ಮಸೂರಿಗೂ ಬಾಸ್ಮತಿಗೂ ಏನು ವ್ಯತ್ಯಾಸ ಅಂತ ಕೇಳಿದರು, ಅದು ಬೇರೆ ಕಥೆ.

ಸೀಟಿನ ವಿಷಯ ಅಮ್ಮನದು. "ಎರಡೇ ಸೀಟಾ? ಮದುವೆ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಯಾ?"

"ಮದುವೆಗೆ ಎರಡು ಸೀಟು ಸಾಕಲ್ಲಮ್ಮ."

"ಆಮೇಲೆ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಪೋರ್ಷೆಯಲ್ಲಿ ಹಿಂದೆ ಎರಡು ಸೀಟಿವೆ, ಸೀಟು ಅನ್ನೋದು ಸೌಜನ್ಯಕ್ಕೆ. ನಾನು ಕೂತು ನೋಡಿದೆ. ತಲೆ ಗಾಜಿಗೆ ತಾಗಿ, ಗದ್ದ ಎದೆಗೆ ತಾಗಿ, ಶಾಲೆಯಲ್ಲಿ ಬಗ್ಗಿ ನಿಲ್ಲಿಸಿದ್ದು ನೆನಪಾಯ್ತು. ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರ್ತಾರೆ, ಆರು ತಿಂಗಳು ಇರ್ತಾರೆ. ಅಮ್ಮ ಐದಡಿಗಿಂತ ಕಡಿಮೆ, ಅಡ್ಡಕ್ಕೆ ಕೂತರೆ ದೇವಸ್ಥಾನದವರೆಗೆ ಹೋಗಬಹುದು. ಯೊಸೆಮಿಟಿಗೆ ಬಾಡಿಗೆ ಕಾರೇ ಗತಿ. ಜಾಗ್ವಾರ್ ಆದರೆ ದೇವಸ್ಥಾನಕ್ಕೂ ಎರಡು ಟ್ರಿಪ್ಪು.

ಇಷ್ಟರವರೆಗೂ ತಮಾಷೆಯಾಗಿ ಬರೆದೆ. ನಾಲ್ಕು ತಿಂಗಳು ಹಿಡಿದಿದ್ದು ಇದಕ್ಕಲ್ಲ.

2022ರ ಕೊನೆ, 2023ರ ಶುರುವಿನಲ್ಲಿ ಇಲ್ಲಿ ಸಾವಿರಾರು ಜನರನ್ನ ಮನೆಗೆ ಕಳಿಸಿದರಲ್ಲ, ಆಗ ನಮ್ಮ ಟೀಮಿನ ಒಬ್ಬನಿಗೂ ಬೆಳಿಗ್ಗೆ ಆರು ಗಂಟೆಗೆ ಈಮೇಲ್ ಬಂತು. ಎಚ್-1ಬಿ ವೀಸಾ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ, ಇಲ್ಲಾ ಬೇರೆ ವೀಸಾ, ಇಲ್ಲಾ ವಿಮಾನ. ಅವನು ಆರೇ ತಿಂಗಳ ಹಿಂದೆ ಪೂರ್ತಿ ಸಾಲದ ಮೇಲೆ ಹೊಸ ಕಾರು ತಗೊಂಡಿದ್ದ. ಮಾರೋಕೆ ಹೋದರೆ ಬ್ಯಾಂಕಿಗೆ ಕೊಡಬೇಕಾದ ಸಾಲ ಕಾರಿನ ಬೆಲೆಗಿಂತ ಒಂಬತ್ತು ಸಾವಿರ ಡಾಲರ್ ಜಾಸ್ತಿ. ಅಂದರೆ ಕಾರನ್ನೂ ಕೊಟ್ಟು, ಮೇಲೆ ಒಂಬತ್ತು ಸಾವಿರವನ್ನೂ ಕೊಟ್ಟು ಕೈ ತೊಳೆದುಕೊಳ್ಳಬೇಕು. ಮನೆ ಬಾಡಿಗೆ ಕರಾರು ಮುರಿದಿದ್ದಕ್ಕೆ ದಂಡ ಬೇರೆ. ಐವತ್ತೇಳನೇ ದಿನ ಹೊರಟ. ಸೋಫಾ ಸಾಗಿಸಿದ್ದು ನಾನು. ಅವನ ಪ್ರೆಷರ್ ಕುಕ್ಕರ್ ಈಗಲೂ ನನ್ನ ಅಡಿಗೆಮನೆಯಲ್ಲಿದೆ, ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದ್ದೀನಿ.

ಹಾಗಾಗಿ ನನ್ನ ಎಕ್ಸೆಲ್ ಶೀಟಿನಲ್ಲಿ ಅಶ್ವಶಕ್ತಿ, ಮೈಲೇಜಿನ ಪಕ್ಕ ಇನ್ನೊಂದು ಕಾಲಂ ಇತ್ತು: 60 ದಿನ. ಕಾರಿನ ಬಗ್ಗೆ ಬರೆಯುವ ಇಲ್ಲಿಯವರು ಯಾರೂ ಈ ಕಾಲಂ ಹಾಕಲ್ಲ, ಅವರಿಗೆ ಬೇಕಾಗಿಲ್ಲ. ನಮ್ಮಂಥವರಿಗೆ ದಿನಾ ಓಡಿಸುವ ಕಾರು ಅಂದರೆ, ಓಡಿಸೋಕೆ ದಿನಗಳೇ ಇಲ್ಲ ಅಂತಾದಾಗ ಏನು ಅನ್ನೋದನ್ನೂ ನೋಡಬೇಕು.

ಆ ಕಾಲಂ ಸುಲಭಕ್ಕೆ ಬಗೆಹರಿಯಲಿಲ್ಲ. ಜಾಗ್ವಾರ್ ಆದರೆ ಪೂರ್ತಿ ದುಡ್ಡು ಕೊಟ್ಟು ತಗೋಬಹುದು, ಸಾಲವೇ ಇಲ್ಲ. ಎರಡು ವರ್ಷದಲ್ಲಿ ಅದು ಹತ್ತು ಸಾವಿರ ಇಳಿಯುತ್ತೆ ಅಂತ ಹಿಡಿದರೂ ಅಷ್ಟೇ ನಷ್ಟ, ಮಿಕ್ಕ ದುಡ್ಡು ಬ್ಯಾಂಕಿನಲ್ಲಿರುತ್ತೆ. ಪೋರ್ಷೆ ಆದರೆ ಅರ್ಧ ಸಾಲ. ಆದರೆ ಈ ಪೀಳಿಗೆಯ 911ರ ಹಳೇ ಜಾಹೀರಾತುಗಳನ್ನ ಒಂದು ವರ್ಷದಿಂದ ಗಮನಿಸಿದ್ದೆ. ಬೆಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ, ಒಳ್ಳೆ ಗಾಡಿ ವಾರದೊಳಗೆ ಹೋಗುತ್ತೆ. ಜಾಗ್ವಾರ್‌ಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಅವಸರದಲ್ಲಿ ಮಾರೋನಿಗೆ ಎರಡು ತಿಂಗಳು ಕಾಯುವಷ್ಟು ಪುರುಸೊತ್ತಿರಲ್ಲ. ಒಂದರಲ್ಲಿ ದುಡ್ಡು ಬ್ಯಾಂಕಿನಲ್ಲಿ, ಇನ್ನೊಂದರಲ್ಲಿ ದುಡ್ಡು ಕಬ್ಬಿಣದಲ್ಲಿ. ಕೂಡಿಸಿ ಕಳೆದರೆ ಎರಡೂ ಸರಿಸಮ ಬರ್ತಿತ್ತು. ಒಂದು ದಿನ ಇನ್ಶೂರೆನ್ಸ್ ಸೇರಿಸಿ ಜಾಗ್ವಾರ್ ಗೆಲ್ಲಿಸ್ತಿದ್ದೆ, ಮಾರನೇ ದಿನ ರಿಪೇರಿ ಸೇರಿಸಿ ಪೋರ್ಷೆ ಗೆಲ್ಲಿಸ್ತಿದ್ದೆ. ರಾತ್ರಿ ಒಂದು ಗಂಟೆಗೆ ಕೂತು ಸೆಲ್ ಬಣ್ಣ ಬದಲಾಯಿಸೋದು ಒಂದು ಥರದ ಜಪ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ, ಅರವತ್ತು ದಿನದ್ದನ್ನೂ ಸೇರಿಸಿ. ಅಲ್ಲಿಯವರೆಗೆ ಮನೆಯಲ್ಲಿ ಆ ಮಾತು ಎತ್ತಿರಲಿಲ್ಲ. ಅಪ್ಪ ಗಾಬರಿಯಾಗಲಿಲ್ಲ. ಮಳೆಗಾಲದಲ್ಲಿ ಶಿರಾಡಿ ಯಾವಾಗ ಮುಚ್ಚುತ್ತೆ ಅಂತ ಗೊತ್ತಿಲ್ಲದೆ ಹಾಸನದಿಂದ ಬಸ್ಸು ತೆಗೆದವರು ಅವರು. ಒಂದೇ ಪ್ರಶ್ನೆ ಕೇಳಿದರು.

"ನಾನು ಸಂಜೆ ಬಸ್ಸು ಡಿಪೋದಲ್ಲಿ ಬಿಟ್ಟು ಬಂದ್ರೆ ರಾತ್ರಿ ಮೆಕ್ಯಾನಿಕ್ ನೋಡ್ತಿದ್ರು. ಬೆಳಿಗ್ಗೆ ಅದು ಸ್ಟಾರ್ಟ್ ಆಗದಿದ್ರೆ ಇನ್ನೊಂದು ಬಸ್ಸು ಕೊಡ್ತಿದ್ರು. ನಿನಗೆ ಅಲ್ಲಿ ಯಾವ ಡಿಪೋ ಇದೆ ಮಗಾ?"

ಇಲ್ಲ ಅಂದೆ.

"ಹಂಗಾದ್ರೆ ನಿಮ್ಮಲ್ಲಿ ಯಾವುದಕ್ಕೆ ಮೆಕ್ಯಾನಿಕ್ ಜಾಸ್ತಿ ಸಿಗ್ತಾರೆ ಅದನ್ನ ನೋಡು. ಸದ್ದು ಆಮೇಲೆ ನೋಡ್ಕೋಬಹುದು."

ಇದು ಎಕ್ಸೆಲ್‌ನಲ್ಲಿ ಇರಲೇ ಇಲ್ಲ. ಮಾರನೇ ದಿನ ಹುಡುಕಿದೆ. ಮನೆಯಿಂದ ಹದಿನೈದು ಮೈಲಿಯೊಳಗೆ ಪೋರ್ಷೆ ಮಾತ್ರ ನೋಡುವ ಖಾಸಗಿ ಗರಾಜುಗಳೇ ಆರು ಸಿಕ್ಕಿದವು. ಜಾಗ್ವಾರ್‌ಗೆ ಎರಡು, ಅದರಲ್ಲಿ ಒಂದರ ಯಜಮಾನರು ಮುಂದಿನ ವರ್ಷ ನಿವೃತ್ತಿ ಅಂದರು. ಇನ್ನೊಂದರವರು ಬಹಳ ಒಳ್ಳೆಯವರು, ಅರ್ಧ ಗಂಟೆ ಮಾತಾಡಿದರು. ಈ ವಿ6ರಲ್ಲಿ ಕೂಲಂಟ್ ಹರಿಯೋ ಪ್ಲಾಸ್ಟಿಕ್ ಪೈಪುಗಳು ವಯಸ್ಸಾದಂತೆ ಬಿರುಕು ಬಿಡ್ತವೆ, ಒಡೆಯೋವರೆಗೆ ಕಾಯದೆ ಬದಲಾಯಿಸಿ, ಹಾಗೆ ಮಾಡಿದರೆ ಗಟ್ಟಿ ಎಂಜಿನ್ ಅಂದರು. ಎಫ್-ಟೈಪ್ ತಯಾರಿಕೆ 2024ರಲ್ಲಿ ನಿಂತೇ ಹೋಗಿದೆ, ಜಾಗ್ವಾರ್ ಪೂರ್ತಿ ಎಲೆಕ್ಟ್ರಿಕ್ ಕಡೆ ಹೊರಟಿದೆ. ಬಿಡಿಭಾಗ ನಾಳೆಯೇ ಸಿಗದೆ ಹೋಗುತ್ತೆ ಅಂತಲ್ಲ. ಆದರೂ ಮುಚ್ಚಿದ ಡಿಪೋ ಮುಚ್ಚಿದ ಡಿಪೋನೇ.

ಪೋರ್ಷೆಗೂ ದೋಷ ಇಲ್ಲ ಅಂತಲ್ಲ. 1997ರಿಂದ 2008ರವರೆಗಿನ 911ಗಳ ಎಂಜಿನ್ನಿನಲ್ಲಿ ಐಎಂಎಸ್ ಅನ್ನೋ ಶಾಫ್ಟಿನ ಬೇರಿಂಗ್ ಹೋಗಿ ಇಡೀ ಎಂಜಿನ್ ಹಾಳಾದ ಕಥೆಗಳು ಬೇಕಾದಷ್ಟಿವೆ. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ತೆಗೆದುಹಾಕಿದರು, ಹಾಗಾಗಿ 2013ರದ್ದಕ್ಕೆ ಆ ಭಯ ಇಲ್ಲ. ಕೊಳ್ಳುವ ಮುಂಚೆ ಒಂದು ಗರಾಜಿಗೆ ಒಯ್ದು ತಪಾಸಣೆ ಮಾಡಿಸಿದೆ. ಕಂಪ್ಯೂಟರ್ ಸಿಕ್ಕಿಸಿ ಎಂಜಿನ್ನನ್ನ ಯಾವತ್ತಾದರೂ ಮಿತಿ ಮೀರಿ ತಿರುಗಿಸಿದ್ದಾರಾ ಅಂತ ತೆಗೆದುಕೊಟ್ಟರು. ಆರು ಹಂತದ ಲೆಕ್ಕ ಇರುತ್ತೆ. ಆ ಅಜ್ಜ ಅಜ್ಜಿ ಮೊದಲ ಹಂತ ಕೂಡ ಮುಟ್ಟಿರಲಿಲ್ಲ. ಲಿಫ್ಟಿನ ಮೇಲೆ ನಿಂತಿದ್ದ ಕಾರಿನ ಕೆಳಗೆ ನಿಂತು ಎಂಜಿನ್ನನ್ನ ತಲೆಯೆತ್ತಿ ನೋಡಿದೆ. ಮೆಕ್ಯಾನಿಕ್ ಟಾರ್ಚ್ ನನ್ನ ಕೈಗೇ ಕೊಟ್ಟು ಕಾಫಿ ಕುಡಿಯೋಕೆ ಹೋದ.

60 ಸಾವಿರದ 500ಕ್ಕೆ ಮಾತಾಯ್ತು. ಅರ್ಧ ನನ್ನ ದುಡ್ಡು, ಅರ್ಧ ಸಾಲ. ಆರು ತಿಂಗಳ ಖರ್ಚಿನ ದುಡ್ಡು ಬೇರೆ ಖಾತೆಯಲ್ಲಿ, ಅದನ್ನ ಮುಟ್ಟಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ಈಗ ಏಳು ವಾರ ಆಯ್ತು. ಬೆಳಿಗ್ಗೆ ಏಳೂಕಾಲಿಗೆ ಹೊರಟು, 101 ಬಿಟ್ಟು, ಎಂಟು ಮೈಲಿ ಸುತ್ತಾದರೂ 280ರಲ್ಲೇ ಹೋಗ್ತೀನಿ. ಬೆಟ್ಟದ ಪಕ್ಕದ ರಸ್ತೆ, ಮಂಜು ಇನ್ನೂ ಏಳದಿರುವ ಹೊತ್ತು. ಅಪ್ಪ ವಾರಕ್ಕೊಮ್ಮೆ ಟೈರಿನ ಗಾಳಿ ನೋಡಿದ್ಯಾ ಅಂತ ಕೇಳ್ತಾರೆ. ಮೇ ತಿಂಗಳಲ್ಲಿ ಬಂದಾಗ ಓಡಿಸ್ತೀರಾ ಅಂದಿದ್ದಕ್ಕೆ, "ಎಡಗಡೆ ಸ್ಟೇರಿಂಗ್ ಅಲ್ವಾ, ನಾನು ಪಕ್ಕದಲ್ಲಿ ಕೂತ್ಕೊಂಡು ನಿನ್ನ ಕಾಲು ನೋಡ್ತೀನಿ" ಅಂದಿದ್ದಾರೆ. ಈಗಲೇ ಭಯ ಶುರುವಾಗಿದೆ :)

ಫ್ರೀಮಾಂಟ್‌ನ ಬಿಳಿ ಜಾಗ್ವಾರ್ ಇನ್ನೂ ಮಾರಾಟ ಆಗಿಲ್ಲ. ಹೋದ ಶನಿವಾರ ಎರಡು ಸಾವಿರ ಇಳಿಸಿದ್ದಾನೆ. ಯಾಕೆ ಗೊತ್ತು ಅಂತೀರಾ? ದಿನಾ ನೋಡ್ತೀನಿ.